ಹಳೆಯ ಕಾಗದದ ಹೂವಿನ ಬೊಡ್ಡೆಯಿಂದ ಬೋನ್ಸಾಯ್: ಬೇರಿನಿಂದ ಆರಂಭಿಸಿ

ಮೈಸೂರಿನಲ್ಲಿರುವ ನಿಮ್ಮ ತಂದೆಯವರ ಮನೆಯನ್ನು ಯುಗಾದಿ ಕಳೆದ ಮೇಲೆ ಕೆಡವುತ್ತಾರೆಂದೂ, ಕಾಂಪೌಂಡಿನ ಅಂಚಿನಲ್ಲಿರುವ 25 ವರ್ಷದ ಎರಡು ಕಾಗದದ ಹೂವಿನ ಗಿಡ, ಬೇಲಿಯಾಗಿ ಸವರುತ್ತಾ ಬಂದ ನಾಲ್ಕು ಕಾಮಿನಿ (ಪರಿಮಳದ ಬಿಳಿ ಹೂವಿನ ಪೊದೆಗಿಡ) ಮತ್ತು ಒಂದು ಥೂಜಾ (ಸೈಪ್ರೆಸ್ ಬಗೆಯ ನಿತ್ಯಹಸಿರು) ಗಿಡವನ್ನು ಕಿತ್ತು ನೇರವಾಗಿ ಬೋನ್ಸಾಯ್ ತಟ್ಟೆಯಲ್ಲಿ ನೆಡಬಹುದೇ ಎಂದೂ ಕೇಳಿದ್ದೀರಿ. ಕಾಗದದ ಹೂವು ಮತ್ತು ಕಾಮಿನಿಯನ್ನು ಖಂಡಿತ ಉಳಿಸಿಕೊಳ್ಳಬಹುದು, ಆದರೆ ತಟ್ಟೆಯ ಮಾತು ಎರಡು ವರ್ಷದ ನಂತರದ್ದು. ಥೂಜಾದ ಆಸೆಯನ್ನು ಬಿಡುವುದೇ ಒಳ್ಳೆಯದು. ಅದರ ಹಳೆಯ ಕೊಂಬೆಯಲ್ಲಿ ಹಸಿರು ಇಲ್ಲದ ಭಾಗದವರೆಗೆ ಕತ್ತರಿಸಿದರೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ನಿಮ್ಮ ಗಿಡ ಹತ್ತು ಅಡಿ ಬೆಳೆದಿದೆ, ಕೆಳಗಿನ ಐದು ಅಡಿ ಬೋಳಾಗಿದೆ ಎಂದು ನೀವೇ ಬರೆದಿರುವುದರಿಂದ, ಅದನ್ನು ಗಿಡ್ಡ ಮಾಡುವ ದಾರಿ ನನಗೆ ಕಾಣುತ್ತಿಲ್ಲ.

ಹಳೆಯ ಗಿಡದಲ್ಲಿ ನಮಗೆ ಸಿಗುವ ನಿಜವಾದ ಆಸ್ತಿಯೆಂದರೆ ದಪ್ಪ ಬುಡ. ಕುಂಡದಲ್ಲಿ ಬೆಳೆಸಿದ ಸಸಿಗೆ ತೊಡೆಯಷ್ಟು ದಪ್ಪದ ಕಾಂಡ ಬರಲು ದಶಕಗಳು ಸಾಲುವುದಿಲ್ಲ. ನೆಲದಲ್ಲಿ ಸ್ವತಂತ್ರವಾಗಿ ಬೆಳೆದ ನಿಮ್ಮ ಗಿಡ ಅದನ್ನು ಆಗಲೇ ಗಳಿಸಿಕೊಂಡಿದೆ. ಕೊಂಬೆಗಳನ್ನು ಮೂರು ನಾಲ್ಕು ವರ್ಷದಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು, ಬುಡವನ್ನು ಹಾಗೆ ಕಟ್ಟಲಾಗುವುದಿಲ್ಲ. ಆದ್ದರಿಂದ ಮೊದಲು ಗರಗಸವನ್ನು ಕೈಗೆತ್ತಿಕೊಳ್ಳದೆ, ಸಣ್ಣ ಕೈಗುದ್ದಲಿಯಿಂದ ಕಾಂಡದ ಸುತ್ತಲಿನ ಮಣ್ಣನ್ನು ಅರ್ಧ ಅಡಿ ಆಳದವರೆಗೆ ನಿಧಾನವಾಗಿ ಕೆದಕಿ ನೋಡಿ. ಬೇರುಗಳು ಕಾಂಡದಿಂದ ಎಲ್ಲಿ ಕವಲೊಡೆದು ನೆಲದಲ್ಲಿ ಹರಡಿವೆಯೋ ಆ ಭಾಗವನ್ನು ಜಪಾನಿನವರು ನೆಬಾರಿ ಎನ್ನುತ್ತಾರೆ. ಮರಕ್ಕೆ ಮುದಿತನದ ಗಾಂಭೀರ್ಯ ಕೊಡುವುದು ಅದೇ. ಹಳೆಯ ಮನೆಗಳ ಅಂಗಳದಲ್ಲಿ ವರ್ಷವರ್ಷವೂ ಮಣ್ಣು, ಗೊಬ್ಬರ ಬಿದ್ದು ಈ ಭಾಗ ಮುಚ್ಚಿಹೋಗಿರುತ್ತದೆ. ಮಣ್ಣಿನ ಮಟ್ಟದಲ್ಲಿ ಸಪ್ಪೆಯಾಗಿ ಕಾಣುವ ಕಂಬದಂಥ ಕಾಂಡವೂ ನಾಲ್ಕು ಬೆರಳು ಕೆಳಗೆ ಅಗಲವಾಗಿ ಹರಡಿರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಯಾವ ಕಡೆಯಿಂದ ಆ ಹರವು ಚೆನ್ನಾಗಿ ಕಾಣುತ್ತದೆಯೋ ಅದೇ ಮುಂದೆ ನಿಮ್ಮ ಮರದ ಮುಖವಾಗುತ್ತದೆ.

ಕಾಮಿನಿಯ ವಿಷಯದಲ್ಲಿ ಯುಗಾದಿಯವರೆಗಿನ ಅವಧಿಯನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಕಾಂಡದಿಂದ ಒಂದು ಅಡಿ ದೂರದಲ್ಲಿ ಅರ್ಧ ವೃತ್ತಾಕಾರದ ಕಾಲುವೆ ತೋಡಿ, ಅಡ್ಡ ಬಂದ ದಪ್ಪ ಬೇರುಗಳನ್ನು ಹರಿತವಾದ ಗರಗಸದಿಂದ ಕತ್ತರಿಸಿ, ಕಾಲುವೆಗೆ ಮರಳು ಮತ್ತು ಹಳೆಯ ಎಲೆಗೊಬ್ಬರ ತುಂಬಿ ನೀರು ಕೊಡುತ್ತಿರಿ. ಆರೇಳು ವಾರದಲ್ಲಿ ಕತ್ತರಿಸಿದ ತುದಿಗಳಿಂದ ನಾರುಬೇರು ಬರತೊಡಗುತ್ತವೆ. ಮನೆ ಕೆಡವುವ ವಾರದಲ್ಲಿ ಉಳಿದ ಅರ್ಧವನ್ನು ಕತ್ತರಿಸಿ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ, ಹಸಿ ಗೋಣಿಚೀಲದಲ್ಲಿ ಬಿಗಿಯಾಗಿ ಸುತ್ತಿಬಿಡಿ. ಕಾಮಿನಿಯ ಮರ ಬಹಳ ಗಟ್ಟಿ, ಗಾಯ ಮುಚ್ಚುವುದು ನಿಧಾನ. ಹಾಗಾಗಿ ಎಲ್ಲ ಕೊಂಬೆಗಳನ್ನೂ ಒಮ್ಮೆಗೇ ಬೋಳಿಸದೆ ಒಂದೆರಡು ಕೊಂಬೆಗಳಲ್ಲಿ ಸ್ವಲ್ಪ ಎಲೆ ಉಳಿಸಿಕೊಳ್ಳಿ. ಬೇಲಿಯಾಗಿ ಸವರಿಸಿಕೊಂಡು ಬೆಳೆದ ಗಿಡಕ್ಕೆ ಬುಡದಲ್ಲೇ ಕವಲುಗಳಿರುತ್ತವೆ, ಅದು ನಿಮ್ಮ ಅದೃಷ್ಟ. ಅದರ ತಿಳಿಬಣ್ಣದ ನುಣುಪು ತೊಗಟೆ, ಸ್ನಾಯುವಿನಂತೆ ಉಬ್ಬುತಗ್ಗಾದ ಕಾಂಡ, ಮಳೆ ಬಿದ್ದ ಮೇಲೆ ಅರಳುವ ಆ ಪರಿಮಳದ ಹೂವು ಇವುಗಳಿಗಾಗಿ ನನಗೆ ಬೇರೆಲ್ಲ ಗಿಡಗಳಿಗಿಂತ ಕಾಮಿನಿಯೇ ಹೆಚ್ಚು ಪ್ರಿಯ. ಆದರೆ ನಿಂಬೆ, ಕಿತ್ತಳೆ ಗಿಡಗಳಿಗೆ ಹಸಿರು ರೋಗವನ್ನು ಹರಡುವ ಸಿಲ್ಲಾ ಕೀಟ ಕಾಮಿನಿಯ ಎಳೆ ಚಿಗುರನ್ನು ಬಹಳ ಇಷ್ಟಪಡುತ್ತದೆ. ಮನೆಯಲ್ಲಿ ನಿಂಬೆ ಗಿಡವಿದ್ದರೆ ಎರಡನ್ನೂ ದೂರದಲ್ಲಿಟ್ಟು, ಚಿಗುರು ಬಂದಾಗಲೆಲ್ಲ ಬೇವಿನೆಣ್ಣೆ ಸಿಂಪಡಿಸಿ.

ಕಾಗದದ ಹೂವಿಗೆ ಇಷ್ಟೊಂದು ಹಂತಗಳು ಬೇಕಿಲ್ಲ. ಅದು ಬರಿಯ ಬೊಡ್ಡೆಯಿಂದಲೂ ಚಿಗುರುತ್ತದೆ. ಮೈಸೂರಿನಲ್ಲಿ ಬಿಸಿಲು ಏರುವ ಮಾರ್ಚ್ ತಿಂಗಳು ಅದಕ್ಕೆ ಅನುಕೂಲವಾದ ಕಾಲ. ಕರಾವಳಿ, ಮಲೆನಾಡಿನ ಗೆಳೆಯರು ಇದೇ ಕೆಲಸವನ್ನು ಜಡಿಮಳೆಯಲ್ಲಿ ಮಾಡಿದರೆ ಬೊಡ್ಡೆ ಕೊಳೆಯುವುದೇ ಹೆಚ್ಚು. ಕಾಂಡದ ದಪ್ಪದ ಆರು ಪಟ್ಟಿಗಿಂತ ಎತ್ತರವಿರದಂತೆ ಮರವನ್ನು ರೂಪಿಸಬೇಕೆಂಬುದು ಬೋನ್ಸಾಯ್ ಕಲೆಯ ಸ್ಥೂಲವಾದ ಅಳತೆ. ನಿಮ್ಮ ಬೊಡ್ಡೆ 15 ಸೆಂಟಿಮೀಟರ್ ದಪ್ಪವಿದ್ದರೆ ಮರದ ಪೂರ್ಣ ಎತ್ತರ 90 ಸೆಂಟಿಮೀಟರ್ ಆಗುತ್ತದೆ, ಆದ್ದರಿಂದ ಬೊಡ್ಡೆಯನ್ನು ಈಗ 30 ರಿಂದ 35 ಸೆಂಟಿಮೀಟರಿಗೆ ಓರೆಯಾಗಿ ಕತ್ತರಿಸಿ, ಮೇಲಿನ ಭಾಗವನ್ನು ಹೊಸ ಚಿಗುರಿನಿಂದ ಬೆಳೆಸಿಕೊಳ್ಳಿ. ಹಾಗೆ ಮಾಡಿದರೆ ಮಾತ್ರ ಬುಡದಿಂದ ತುದಿಗೆ ಸಹಜವಾಗಿ ಸಪೂರವಾಗುವ ಮರ ದೊರೆಯುತ್ತದೆ. ತಾಯಿಬೇರನ್ನು ಬುಡಕ್ಕೆ ಹತ್ತಿರವಾಗಿ, ಮುಂದೆ ತಟ್ಟೆಯಲ್ಲಿ ಕೂರುವಂತೆ ಸಮತಟ್ಟಾಗಿ ಕತ್ತರಿಸಿ.

ಈ ಗಿಡದ ದೊಡ್ಡ ದೌರ್ಬಲ್ಯವೆಂದರೆ ಅದರ ಮರ. ನಾರುನಾರಾಗಿ ಮೆದುವಾಗಿರುವುದರಿಂದ ಗಾಯದ ಮೇಲೆ ನೀರು ನಿಂತರೆ ಒಳಗೊಳಗೇ ಕೊಳೆತು ಟೊಳ್ಳಾಗುತ್ತದೆ. ಪ್ರತಿ ದೊಡ್ಡ ಗಾಯವನ್ನೂ ನೀರು ಜಾರಿಹೋಗುವಂತೆ ಉಳಿಯಿಂದ ಕೆತ್ತಿ, ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ, ಕಾಫಿ ಬೆಳೆಗಾರರಿಗೆ ಇದು ಚಿರಪರಿಚಿತ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ನಿಮಗೆ ಅದರ ಹತ್ತನೇ ಒಂದು ಭಾಗ, ಅಂದರೆ ತಲಾ 100 ಗ್ರಾಂ ಹಾಗೂ ಒಂದು ಲೀಟರ್ ನೀರು ಧಾರಾಳವಾಯಿತು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ, ಪ್ಲಾಸ್ಟಿಕ್ ಬಕೆಟ್ ಬಳಸಿ.

ನೆಡಲು ಟೊಮೆಟೊ ಕ್ರೇಟ್‌ಗಿಂತ ಒಳ್ಳೆಯ ಪಾತ್ರೆ ಇಲ್ಲ. ಒಳಗೆ ನೆರಳು ಪರದೆಯ ತುಂಡು ಹಾಸಿ, ಅರ್ಧ ಭಾಗ ಇಟ್ಟಿಗೆ ಚೂರು, ಕಾಲು ಭಾಗ ದಪ್ಪ ಮರಳು, ಉಳಿದ ಕಾಲು ಭಾಗ ಜರಡಿ ಹಿಡಿದ ಎಲೆಗೊಬ್ಬರ ತುಂಬಿ. ಚೂರುಗಳು 3 ರಿಂದ 6 ಮಿಲಿಮೀಟರ್ ಗಾತ್ರದವಿರಲಿ, ಧೂಳನ್ನು ಮಾತ್ರ ಕಡ್ಡಾಯವಾಗಿ ಜರಡಿಯಿಂದ ತೆಗೆಯಿರಿ. ತೆಂಗಿನ ನಾರಿನ ಪುಡಿಯನ್ನು ಅಂಗಡಿಯವರು ಎಲ್ಲದಕ್ಕೂ ಹೇಳುತ್ತಾರೆ. ಬೇರಿಲ್ಲದ ಬೊಡ್ಡೆಗೆ ಅದು ಹಿಡಿದಿಡುವ ತೇವ ಅತಿಯಾಗುತ್ತದೆ. ಬೊಡ್ಡೆ ಅಲುಗಾಡದಂತೆ ಕ್ರೇಟಿನ ಬದಿಗಳಿಗೆ ತಂತಿಯಿಂದ ಬಿಗಿದು ಕಟ್ಟಿ, ಏಕೆಂದರೆ ಕಾಗದದ ಹೂವಿನ ಹೊಸ ಬೇರು ಗಾಜಿನ ಕಡ್ಡಿಯಂತೆ ಮುರಿಯುತ್ತದೆ. ಮೇಲಿನಿಂದ ಪಾರದರ್ಶಕ ಪಾಲಿಥಿನ್ ಚೀಲ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಬೆಂಗಳೂರಿನಲ್ಲಿ ಮೊದಲ ಬಾರಿ ಎತ್ತಿದ ಬೊಡ್ಡೆ ಮೂರನೆಯ ವಾರದಲ್ಲಿ ಸೊಂಪಾಗಿ ಚಿಗುರಿತ್ತು. ಬೇರು ಬಂದಿದೆಯೆಂದು ನಂಬಿ ಚೀಲ ತೆಗೆದು ಬಿಸಿಲಿಗಿಟ್ಟೆ. ನಾಲ್ಕೇ ದಿನದಲ್ಲಿ ಚಿಗುರೆಲ್ಲ ಬಾಡಿತು, ಕಿತ್ತು ನೋಡಿದರೆ ಒಂದು ಬೇರೂ ಇರಲಿಲ್ಲ. ಮೊದಲ ಚಿಗುರು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಬರುತ್ತದೆಯೇ ಹೊರತು ಬೇರಿನಿಂದಲ್ಲ. ಚಿಗುರು ಒಂದು ಅಡಿ ಬೆಳೆದು, ಅದರ ಬುಡ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುವವರೆಗೆ ಚೀಲವನ್ನು ಪೂರ್ತಿ ತೆಗೆಯಬೇಡಿ. ಅನಂತರವೂ ಒಂದೊಂದೇ ರಂಧ್ರ ಮಾಡುತ್ತಾ ಎರಡು ವಾರದಲ್ಲಿ ಹೊರಗಿನ ಗಾಳಿಗೆ ಒಗ್ಗಿಸಿ. ಅಲ್ಲಿಯವರೆಗೆ ಹಿಂಡಿ, ಗೊಬ್ಬರ ಏನೂ ಬೇಡ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು.

ಮೊದಲ ವರ್ಷ ಕತ್ತರಿ ಮುಟ್ಟದೆ ಚಿಗುರುಗಳನ್ನು ಉದ್ದಕ್ಕೆ ಬಿಡಿ, ಬೇಡದ ಜಾಗದಲ್ಲಿ ಬಂದವನ್ನು ಮಾತ್ರ ಚಿವುಟಿ. ಅಲ್ಯೂಮಿನಿಯಂ ತಂತಿ ಸುತ್ತುವಾಗ ಚಿಗುರು ಪೂರ್ತಿ ಎಳಸಾಗಿದ್ದರೆ ಕಾಂಡದ ಸಂದಿನಲ್ಲೇ ಕಳಚಿ ಬರುತ್ತದೆ, ಪೂರ್ತಿ ಬಲಿತರೆ ಬಾಗುವುದಿಲ್ಲ. ನಡುವಿನ ಹದವನ್ನು ಹಿಡಿಯಬೇಕು. ಮಳೆಗಾಲದ ಬೆಳವಣಿಗೆಯಲ್ಲಿ ತಂತಿ ತಿಂಗಳೊಳಗೇ ತೊಗಟೆಯನ್ನು ಕಚ್ಚಬಹುದಾದ್ದರಿಂದ ವಾರಕ್ಕೊಮ್ಮೆ ನೋಡುತ್ತಿರಿ. ತುದಿಯಾಗಿ ಆರಿಸಿದ ಚಿಗುರು ಬೊಡ್ಡೆಯ ಮೂರನೇ ಒಂದು ಭಾಗದಷ್ಟು ದಪ್ಪವಾದಾಗ ಅದನ್ನೂ ಗಿಡ್ಡಕ್ಕೆ ಕತ್ತರಿಸಿ, ಮತ್ತೊಂದು ಚಿಗುರಿನಿಂದ ಮುಂದುವರಿಸಿ.

ಊಟಿ ರಸ್ತೆಯ ಅವಧೂತ ದತ್ತಪೀಠದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಗಿಡ ಎತ್ತುವ ಮೊದಲೇ ಒಮ್ಮೆ ಹೋಗಿ, ಅಲ್ಲಿ ಎಲೆಗಳನ್ನು ನೋಡದೆ ಬುಡಗಳನ್ನಷ್ಟೇ ನೋಡುತ್ತಾ ಬನ್ನಿ. ಕತ್ತರಿಸಿ ತೆಗೆದ ಕಾಗದದ ಹೂವಿನ ಮೇಲ್ಭಾಗದ ದಪ್ಪ ತುಂಡುಗಳನ್ನು ಎಸೆಯಬೇಡಿ, ಒಂದೊಂದು ಅಡಿಯ ತುಂಡು ಮಾಡಿ ಅದೇ ಮಿಶ್ರಣದಲ್ಲಿ ನೆಟ್ಟರೆ ಕೆಲವಾದರೂ ಬೇರು ಬಿಡುತ್ತವೆ. ಬುಡ ಕೆದಕಿದ ಮೇಲೆ ಪ್ರತಿ ಗಿಡದ ಚಿತ್ರವನ್ನು ನಾಲ್ಕು ದಿಕ್ಕಿನಿಂದಲೂ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದು ಇಲ್ಲಿ ಹಾಕಿ. ಎಲ್ಲಿ ಕತ್ತರಿಸಬೇಕೆಂಬುದನ್ನು ಗರಗಸ ಇಡುವ ಮೊದಲೇ ಕೂಡಿ ನಿರ್ಧರಿಸೋಣ.