ನಿಮ್ಮ ಪೇಟೆ ಲೇಖನದ ಬಗ್ಗೆ

ನಮಸ್ಕಾರ. ಬೆಂಗಳೂರಿನ ಹಳೇ ಪೇಟೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ್ದು, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದ್ದು ನಮ್ಮ ಓದುಗರಿಗೆ ಬಾಯಿಪಾಠ.

ಪೇಟೆ, ಕೋಟೆ ಎರಡನ್ನೂ ಕಲಸಿಬಿಟ್ಟಿದ್ದೀರಿ. ಪೇಟೆಗೆ ಇದ್ದದ್ದು ಮಣ್ಣಿನ ಗೋಡೆ, ಕಂದಕ, ಮುಳ್ಳಿನ ಬೇಲಿ. ಕೋಟೆ ಅದರ ದಕ್ಷಿಣಕ್ಕೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಕೆಂಪೇಗೌಡರಲ್ಲ, ಹೈದರಾಲಿ, 1761ರಲ್ಲಿ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೈನ್ಯ ಮೊದಲು ಹಿಡಿದದ್ದು ಪೇಟೆಯನ್ನು. ಕೋಟೆ ಬಿದ್ದದ್ದು ಎರಡು ವಾರದ ಮೇಲೆ. ನಿಮ್ಮಲ್ಲಿ ಎಲ್ಲ ಒಂದೇ ರಾತ್ರಿಗೆ ಮುಗಿದುಹೋಗಿದೆ! ಹಾಗೇ, ಅವೆನ್ಯೂ ರಸ್ತೆಯ ರೈಸ್ ಚರ್ಚ್ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ನೆನಪಿನದಲ್ಲ, ಅವರ ಅಪ್ಪ ಬೆಂಜಮಿನ್ ರೈಸ್ ನೆನಪಿನದು.

ತಪ್ಪುಗಳನ್ನು ತಿದ್ದಬಹುದು ಬಿಡಿ. ನನಗೆ ಜಾಸ್ತಿ ಬೇಸರವಾದದ್ದು 'ಆಧುನಿಕತೆಯ ಹೊಡೆತಕ್ಕೆ ಪೇಟೆ ನಲುಗಿತು' ಎಂಬ ಸಾಲಿಗೆ. ನಾಲ್ಕು ಕಡೆ ಬರೆದಿದ್ದೀರಿ. ಯಾವ ಹೊಡೆತ? 1898ರ ಪ್ಲೇಗಿನ ಹೆಸರೇ ಇಲ್ಲವಲ್ಲ! ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕಿಲ್ಲದ ಓಣಿಗಳು. ಪೇಟೆಯವರು ಹೆದರಿ ಹೊರಟರು. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ತುಂಬಿಕೊಂಡದ್ದು ಅದಾದ ಮೇಲೆ. ಕಾರಣ ಕಣ್ಣೆದುರಿಗೇ ಇರುವಾಗ ಸುಮ್ನೆ ನಿಟ್ಟುಸಿರು ಬಿಟ್ಟರೆ ಓದುಗರಿಗೆ ಏನು ಸಿಕ್ಕಂತಾಯಿತು?

ಈಗ ಒಳ್ಳೆಯ ಮಾತು. ಐದನೇ ಪುಟದಲ್ಲಿ ಅರಳೇಪೇಟೆಯ ಒಂದು ಮನೆ ಬರುತ್ತದೆ. ಕೆಳಗೆ ಗೋಡೌನ್, ಮೇಲೆ ಬೀಗ. ಯಜಮಾನರು ಬೀಗ ತೆಗೆದು ಮದ್ರಾಸ್ ತಾರಸಿ ಎಂಬ ಹಳೇ ಮಾದರಿಯ ಚಾವಣಿ ತೋರಿಸಿದರು ಎಂದಿದ್ದೀರಿ. ಅಷ್ಟೇ, ಎರಡು ಸಾಲು! ಅಲ್ವಾ, ನಿಮ್ಮ ಲೇಖನ ಇರುವುದೇ ಅಲ್ಲಿ. ಒತ್ತಾಗಿ ಜೋಡಿಸಿದ ಮರದ ತೊಲೆ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆ, ಸುಣ್ಣದ ಗಾರೆ. ಎಷ್ಟು ಜನರಿಗೆ ಇದು ಗೊತ್ತು? ಅಲ್ಲಿ ಯಾರಿದ್ದರು, ಯಾವ ವ್ಯಾಪಾರ, ಮೇಲಿನ ಮನೆ ಖಾಲಿಯಾದದ್ದು ಯಾವಾಗ, ಜಗಲಿ ಒಡೆದು ಶಟರ್ ಹಾಕಿದ್ದು ಯಾಕೆ? ಮತ್ತೆ ಹೋಗಿ ಕೇಳಿ. ಭಾನುವಾರ ಹೋದರೆ ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.

ಸಾವಿರ ಪದ ಸಾಕು. ಯಜಮಾನರ ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ತೆಗೆದುಕೊಳ್ಳಿ. ಫೋಟೊಗಳಲ್ಲಿ ಆ ತಾರಸಿಯದು ಕಳಿಸಿ. ಮಾರ್ಕೆಟ್ ಹೂವಿನ ರಾಶಿಯ ಫೋಟೊ ನಮ್ಮ ಹತ್ತಿರ ಬೇಕಾದಷ್ಟಿವೆ.