ನಿದ್ದೆಯಲ್ಲಿ ಲಕ್ವ ಹೊಡೆದರೆ ನಾಲ್ಕೂವರೆ ಗಂಟೆಯ ಲೆಕ್ಕ ಎಲ್ಲಿಂದ ಶುರು?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ರಾತ್ರಿ ಹತ್ತೂವರೆಗೆ ಚೆನ್ನಾಗಿಯೇ ಮಾತನಾಡಿ ಮಲಗಿದವರಿಗೆ ಬೆಳಿಗ್ಗೆ ಆರಕ್ಕೆ ಎದ್ದಾಗ ಬಲಗೈ ಎತ್ತಲಾಗಲಿಲ್ಲ, ಮಾತು ತೊದಲುತ್ತಿತ್ತು. ಏಳಕ್ಕೆ ಆಸ್ಪತ್ರೆ ತಲುಪಿದೆವು. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂದವರು ಆಮೇಲೆ ಎಂ.ಆರ್.ಐ. ಮಾಡಿ, ಎಂಟರ ಸುಮಾರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಈಗ ಕೈ ಬಹುತೇಕ ಸರಿಹೋಗಿದೆ. ಆದರೆ ಆ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಬೇಕೆಂದು ಓದಿದ್ದೆ; ಹತ್ತೂವರೆಯಿಂದ ಎಣಿಸಿದರೆ ಒಂಬತ್ತೂವರೆ ಗಂಟೆಯಾಗಿತ್ತು. ವೈದ್ಯರು ನಿಯಮ ಮೀರಿದರೇ? ಏನೂ ಕಾಣದ ಸಿ.ಟಿ.ಯನ್ನು ಮೊದಲು ಏಕೆ ಮಾಡಬೇಕಿತ್ತು? ತಂತಿ ತೂರಿಸಿ ಹೆಪ್ಪನ್ನೇ ಹೊರತೆಗೆಯುವ ಚಿಕಿತ್ಸೆ ಇದೆಯಂತೆ, ಅದನ್ನೇಕೆ ಮಾಡಲಿಲ್ಲ? ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಕಿತ್ತೆಂದು ಸಂಬಂಧಿಕರು ದೂರುತ್ತಿದ್ದಾರೆ.

ಉತ್ತರ: ವೈದ್ಯರು ನಿಯಮ ಮೀರಿಲ್ಲ, ನೀವು ಓದಿದ್ದೂ ತಪ್ಪಲ್ಲ. ಮಿದುಳಿನ ರಕ್ತನಾಳವನ್ನು ಮುಚ್ಚಿದ ಹೆಪ್ಪನ್ನು ಆಲ್ಟೆಪ್ಲೇಸ್ ಎಂಬ ಔಷಧಿಯಿಂದ ಕರಗಿಸಿ ರೋಗಿಗೆ ನೆರವಾಗಬಹುದೆಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದಾಗ ಮೂರು ಗಂಟೆಯ ಗಡುವಿತ್ತು. 2008ರಲ್ಲಿ ಯುರೋಪಿನ ಅಧ್ಯಯನವೊಂದು ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಲಕ್ಷಣ ಶುರುವಾದ ಹೊತ್ತು ಯಾರಿಗೂ ತಿಳಿಯದಿದ್ದರೆ, ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡ ಹೊತ್ತಿನಿಂದ ಎಣಿಸುವುದು ಪದ್ಧತಿ. ಹೀಗಾಗಿ ನಿದ್ದೆಯಲ್ಲಿ ಲಕ್ವ ಹೊಡೆದವರು, ಅಂದರೆ ಸುಮಾರು ಐವರು ರೋಗಿಗಳಲ್ಲಿ ಒಬ್ಬರು, ಕಣ್ಣು ಬಿಡುವ ಮೊದಲೇ ಗಡುವು ಮೀರಿದವರ ಪಟ್ಟಿಗೆ ಸೇರುತ್ತಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಏಳುವ ಸ್ವಲ್ಪ ಮುಂಚೆಯಷ್ಟೇ ರಕ್ತನಾಳ ಮುಚ್ಚಿರಬಹುದೆಂಬ ಅನುಮಾನ ನಮಗಿತ್ತು, ಖಚಿತಪಡಿಸಿಕೊಳ್ಳುವ ದಾರಿ ಇರಲಿಲ್ಲ.

ಆ ದಾರಿಯನ್ನು ಎಂ.ಆರ್.ಐ. ಕೊಟ್ಟಿತು. ಒಂದೇ ಯಂತ್ರದಲ್ಲಿ ತೆಗೆದ ಎರಡು ಬಗೆಯ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತೇವೆ. ರಕ್ತ ನಿಂತ ಜಾಗದಲ್ಲಿ ಜೀವಕೋಶಗಳು ಊದಿಕೊಂಡು, ಅಲ್ಲಿನ ನೀರಿನ ಕಣಗಳ ಓಡಾಟ ಕುಗ್ಗುತ್ತದೆ. ಡಿಫ್ಯೂಷನ್ ಎಂಬ ಮೊದಲ ಚಿತ್ರದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಬಿಳಿ ಮಚ್ಚೆಯಾಗಿ ಹೊಳೆಯುತ್ತದೆ. ಫ್ಲೇರ್ ಎಂಬ ಎರಡನೆಯ ಚಿತ್ರದಲ್ಲಿ ಅದೇ ಮಚ್ಚೆ ಮೂಡಲು ಅಂಗಾಂಶದಲ್ಲಿ ಹೆಚ್ಚುವರಿ ನೀರು ಸೇರಬೇಕು, ಅದಕ್ಕೆ ಗಂಟೆಗಳು ಹಿಡಿಯುತ್ತವೆ. ನಿಮ್ಮ ತಂದೆಯವರ ಎಡ ಮಿದುಳಿನಲ್ಲಿ ಮೊದಲ ಚಿತ್ರ ಹೊಳೆದು, ಎರಡನೆಯದರಲ್ಲಿ ಆ ಜಾಗ ಇನ್ನೂ ಮಾಮೂಲಾಗಿ ಕಂಡಿದ್ದರೆ, ಹೆಪ್ಪು ಕಟ್ಟಿ ಬಹುಶಃ ನಾಲ್ಕೂವರೆ ಗಂಟೆ ಆಗಿರಲಿಲ್ಲ ಎಂದರ್ಥ. ಅಂದರೆ ಗಡುವು ಹಾಗೆಯೇ ಉಳಿದಿದೆ. ಗಡಿಯಾರದ ಬದಲು ಅಂಗಾಂಶವೇ ಹೊತ್ತು ಹೇಳಿದೆ.

ಈ ತರ್ಕವನ್ನು ಯುರೋಪಿನ ವೇಕ್-ಅಪ್ ಎಂಬ ಅಧ್ಯಯನ 503 ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂರು ತಿಂಗಳ ಬಳಿಕ ಅಂಗವೈಕಲ್ಯ ಇಲ್ಲದೆ ಅಥವಾ ನಾಮಮಾತ್ರ ತೊಂದರೆಯೊಂದಿಗೆ ಇದ್ದವರು ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 53, ಪಡೆಯದವರಲ್ಲಿ 42. ಸಾವು ಮಾತ್ರ ಇಂಜೆಕ್ಷನ್ ಪಡೆದವರಲ್ಲೇ ತುಸು ಹೆಚ್ಚು, ನೂರಕ್ಕೆ ಸುಮಾರು 4 ಮತ್ತು 1. ಮಿದುಳಿನೊಳಗೆ ರಕ್ತಸ್ರಾವವಾಗುವ ಅಪಾಯ ಈ ಔಷಧಿಯ ಜೊತೆಗೇ ಬರುತ್ತದೆ. ಮನೆಯವರ ಒಪ್ಪಿಗೆ ಕೇಳುವಾಗ ಎರಡೂ ಅಂಕಿಗಳನ್ನು ಹೇಳಬೇಕೆಂಬುದು ನನ್ನ ಅಭಿಪ್ರಾಯ, ಅವಸರದಲ್ಲಿ ಎರಡನೆಯದು ಬಿಟ್ಟುಹೋಗುವುದೇ ಹೆಚ್ಚು.

ಸಿ.ಟಿ.ಯಲ್ಲಿ ಏನೂ ಕಾಣದಿದ್ದುದೇ ಅದರ ಉಪಯೋಗ. ಲಕ್ವ ರಕ್ತನಾಳ ಮುಚ್ಚಿಯೂ ಬರುತ್ತದೆ, ಒಡೆದೂ ಬರುತ್ತದೆ. ಹೊರಗಿನಿಂದ ನೋಡಿದರೆ ಕೈ ಬೀಳುವುದೂ ಮಾತು ತೊದಲುವುದೂ ಎರಡರಲ್ಲೂ ಒಂದೇ ಥರ. ಒಡೆದ ರಕ್ತ ಸಿ.ಟಿ.ಯಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ, ಮುಚ್ಚಿದ ನಾಳದಿಂದಾದ ಹಾನಿ ಮೊದಲ ಕೆಲವು ಗಂಟೆ ಕಾಣದೆಯೂ ಇರಬಹುದು. ರಕ್ತಸ್ರಾವ ಇರುವವರಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಪ್ರಾಣಕ್ಕೇ ಕುತ್ತು. ಆಸ್ಪಿರಿನ್ ವಿಚಾರದಲ್ಲಿಯೂ ಇದೇ ಮಾತು: ಸ್ಕ್ಯಾನ್ ಆಗುವ ಮೊದಲು ಅದನ್ನು ಕೊಡಬಾರದು. ಮಾತು ತೊದಲುವವರಿಗೆ ನುಂಗುವುದೂ ಕಷ್ಟವಿರುತ್ತದೆ. ಮಾತ್ರೆಯೋ ನೀರೋ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದ ರೋಗಿಗಳನ್ನು ನಾನು ನೋಡಿದ್ದೇನೆ. ನಿಮ್ಮ ಸಂಬಂಧಿಕರಿಗೆ ಇದನ್ನು ತಿಳಿಸಿ.

ತಂತಿಯ ಚಿಕಿತ್ಸೆ, ಅಂದರೆ ಥ್ರಾಂಬೆಕ್ಟಮಿ, ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿದಾಗ ಮಾಡುವಂಥದ್ದು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದೋ ಹೀರಿಯೋ ತೆಗೆಯುತ್ತಾರೆ. 2015ರಲ್ಲಿ ಒಂದರ ಹಿಂದೊಂದು ಬಂದ ಐದು ಅಧ್ಯಯನಗಳು ಇದರ ಲಾಭವನ್ನು ಸಾಬೀತುಪಡಿಸಿದವು. 2018ರ ಡಾನ್ ಅಧ್ಯಯನದಲ್ಲಿ, ಆರರಿಂದ ಇಪ್ಪತ್ತನಾಲ್ಕು ಗಂಟೆ ಕಳೆದಿದ್ದರೂ ಉಳಿಸಬಹುದಾದ ಅಂಗಾಂಶ ಸ್ಕ್ಯಾನ್‌ನಲ್ಲಿ ಕಂಡ ರೋಗಿಗಳನ್ನು ಆಯ್ದುಕೊಂಡಾಗ, ಮೂರು ತಿಂಗಳ ಬಳಿಕ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 49, ಉಳಿದವರಲ್ಲಿ 13. ನಮ್ಮ ವಿಭಾಗದಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ. ನಿಮ್ಮ ತಂದೆಯವರಿಗೆ ಅದನ್ನು ಮಾಡದಿರಲು ಕಾರಣ, ಮುಚ್ಚಿದ್ದು ಕೊಳವೆ ತಲುಪಲಾಗದ ಸಣ್ಣ ಕವಲು ಎಂಬುದಿರಬಹುದು. ಆಂಜಿಯೋಗ್ರಾಮ್ ವರದಿಯಲ್ಲಿ ರಕ್ತನಾಳದ ಹೆಸರು ಬರೆದಿರುತ್ತದೆ.

ಇಂಜೆಕ್ಷನ್ ಕೂಡ ಬದಲಾಗುತ್ತಿದೆ. ಆಲ್ಟೆಪ್ಲೇಸ್‌ನ ಬಹುಪಾಲನ್ನು ಒಂದು ಗಂಟೆ ಡ್ರಿಪ್ ಮೂಲಕ ಇಳಿಸಬೇಕು, ಹೊಸ ಔಷಧಿ ಟೆನೆಕ್ಟೆಪ್ಲೇಸನ್ನು ಕೆಲವೇ ಸೆಕೆಂಡುಗಳಲ್ಲಿ ಒಂದೇ ಸಲಕ್ಕೆ ಕೊಡಬಹುದು. 2022ರಲ್ಲಿ ಕೆನಡಾದ ಅಧ್ಯಯನವೊಂದು ಸುಮಾರು 1,600 ರೋಗಿಗಳಲ್ಲಿ ಹೋಲಿಸಿ, ಹೊಸದು ಹಳೆಯದಕ್ಕೆ ಕಡಿಮೆಯಿಲ್ಲ ಎಂದು ಕಂಡುಕೊಂಡಿತು. ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾದಾಗ ಡ್ರಿಪ್ ಇಲ್ಲದಿರುವುದು ಎಷ್ಟು ಅನುಕೂಲವೆಂದು ಆಂಬುಲೆನ್ಸ್ ಸಿಬ್ಬಂದಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಗಡುವು ಸಡಿಲವಾಯಿತೆಂದು ಇದನ್ನೆಲ್ಲ ಓದಿಕೊಳ್ಳಬೇಡಿ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಂದಾಜಿಸಲಾಗಿತ್ತು. ಅಕ್ಕಪಕ್ಕದ ನಾಳಗಳಿಂದ ರಕ್ತ ಸುತ್ತಿಬಳಸಿ ಬರುವವರಲ್ಲಿ ಈ ವೇಗ ಕಡಿಮೆ, ಹಾಗಲ್ಲದವರಲ್ಲಿ ಕೆಲವೇ ಗಂಟೆಗಳಲ್ಲಿ ಉಳಿಸಲು ಹೆಚ್ಚೇನೂ ಇಲ್ಲದಂತಾಗಬಹುದು. ಯಾರು ಯಾವ ಬಗೆಯವರೆಂದು ಮನೆಯಲ್ಲಿ ಕುಳಿತು ಹೇಳಲಾಗದು. ನೀವು ಆರಕ್ಕೆ ಕಂಡು ಏಳಕ್ಕೆ ತಲುಪಿದ್ದರಿಂದಲೇ ಎಂ.ಆರ್.ಐ.ಯ ಆ ಎರಡನೆಯ ಚಿತ್ರದಲ್ಲಿ ಮಚ್ಚೆ ಇನ್ನೂ ಮೂಡದೆ ಇದ್ದಿರಬಹುದು.

ಇನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಪ್ಪು ಎಲ್ಲಿಂದ ಬಂತೆಂದು ಬರೆದಿದೆಯೇ ನೋಡಿ. ಕತ್ತಿನ ರಕ್ತನಾಳ ಕಿರಿದಾಗಿದ್ದರೆ ಅದಕ್ಕೆ ಬೇರೆ ಚಿಕಿತ್ಸೆಯಿದೆ. ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಬೇರೆ ಮಾತ್ರೆ ಬೇಕಾಗುತ್ತದೆ. ಆ ಏರುಪೇರು ಬಂದುಹೋಗುವಂಥದ್ದು; ಒಂದು ಇ.ಸಿ.ಜಿ.ಯಲ್ಲಿ ಸಿಗದಿದ್ದರೆ ಮೈಮೇಲೆ ಸಣ್ಣ ಯಂತ್ರ ಕಟ್ಟಿ ಹೃದಯದ ಬಡಿತವನ್ನು ಸತತವಾಗಿ ದಾಖಲಿಸುವ ಹೆಚ್ಚು ದಿನಗಳ ಹೋಲ್ಟರ್ ಪರೀಕ್ಷೆ ಬೇಕೇ ಎಂದು ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು ಕೇಳಿ.