ದಪ್ಪ ಇರೋದು ವಂಶದಿಂದ ಬಂದದ್ದಾದರೆ ಮಗುವಿಗೆ ನಾವೇನೂ ಮಾಡೋಕಾಗಲ್ವಾ?

ನಿಮ್ಮ 7 ವರ್ಷದ ಮಗಳ ತೂಕ ಜಾಸ್ತಿ ಇದೆ, ಅತ್ತೆಯವರು "ನಮ್ಮ ವಂಶದ ಮೈಕಟ್ಟೇ ಹೀಗೆ" ಅಂತಾರೆ, ಡಾಕ್ಟರು "ತಿನ್ನೋದು ಕಡಿಮೆ ಮಾಡಿಸಿ" ಅಂತಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ.

ನನಗೂ ಇಬ್ಬರು ಮಕ್ಕಳು. ಒಂದೇ ಅಡುಗೆಮನೆ, ಒಂದೇ ದೋಸೆಹಿಟ್ಟು. ಮಗಳು ಎರಡನೇ ದೋಸೆ ಅರ್ಧ ಬಿಟ್ಟು ಎದ್ದುಹೋಗ್ತಾಳೆ, ತಟ್ಟೆಯಲ್ಲಿ ಚಟ್ನಿ ಒಣಗ್ತಾ ಇರುತ್ತೆ. ಮಗ ನಾಲ್ಕು ಮುಗಿಸಿ ಕಾವಲಿ ಕಡೆ ನೋಡ್ತಾನೆ. ಎಷ್ಟೋ ದಿನ ಅವನನ್ನು "ಹೊಟ್ಟೆಬಾಕ" ಅಂತ ಗದರಿದ್ದೇನೆ. ಅದು ಹಟವಲ್ಲ, ನಿಜವಾದ ಹಸಿವು ಅಂತ ತಿಳಿದ ದಿನ ಕರುಳು ಹಿಂಡಿದ ಹಾಗಾಯ್ತು.

ಬೊಜ್ಜಿನ ವಿಷಯದಲ್ಲಿ ಜೀನ್‌ಗಳು ಹೆಚ್ಚಾಗಿ ಕೆಲಸ ಮಾಡೋದು ಮಿದುಳಿನಲ್ಲೇ, ಹೊಟ್ಟೆ ತುಂಬಿತು ಅನ್ನೋ ಸುದ್ದಿ ಮುಟ್ಟುವ ಜಾಗದಲ್ಲಿ. ಆ ಸುದ್ದಿ ಒಯ್ಯುವ ಲೆಪ್ಟಿನ್ ಹಾರ್ಮೋನಿನ ಜೀನ್ ಪತ್ತೆಯಾದದ್ದು 1994ರಲ್ಲಿ. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳ ಬಗ್ಗೆ ಬರೆದರು. 8 ವರ್ಷದ ಹುಡುಗಿ 86 ಕೆ.ಜಿ. ಇದ್ದಳು. ಲೆಪ್ಟಿನ್ ಇಂಜೆಕ್ಷನ್ ಶುರುವಾದ ಮೇಲೆ ಅವಳ ಹಸಿವೂ ಇಳಿಯಿತು, ತೂಕವೂ ಇಳಿಯಿತು. ಅಲ್ಲಿವರೆಗೆ ಆ ಮಗುವಿಗೆ ಎಷ್ಟು ಬುದ್ಧಿ ಹೇಳಿದ್ದರೂ ಏನಾಗ್ತಿತ್ತು ಹೇಳಿ?

ಇಂಥದ್ದು ತೀರಾ ಅಪರೂಪ. ನಮ್ಮ ಮಕ್ಕಳಲ್ಲಿ ಸಾಮಾನ್ಯವಾಗಿ ನೂರಾರು ಜೀನ್‌ಗಳು ಒಂದೊಂದೂ ಚೂರುಚೂರು ತಳ್ಳುತ್ತವೆ. 2007ರಲ್ಲಿ ಗುರುತಾದ ಎಫ್‌ಟಿಒ ಜೀನ್‌ನ ತೂಕ ಹೆಚ್ಚಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರು, ದೊಡ್ಡವರಾದಾಗ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಾರೆ, ಅಷ್ಟೇ. ನಮ್ಮಜ್ಜಿಯಲ್ಲೂ ಇವೇ ಜೀನ್‌ಗಳು ಇದ್ದಿರಬೇಕು, ಆದರೆ ಅವರ ಮನೆಯಲ್ಲಿ ಕೈಗೆಟುಕುವ ಬಿಸ್ಕತ್ತಿನ ಡಬ್ಬಿ ಇರಲಿಲ್ಲ.

ಅದಕ್ಕೇ ನಾವು ಮಗನನ್ನು ಬಿಟ್ಟು ಮನೆಯನ್ನು ತಿದ್ದಿದೆವು. ಚಿಪ್ಸ್, ಜ್ಯೂಸ್ ಯಾರಿಗೂ ತರಲ್ಲ, ಅವನ ಅಕ್ಕನಿಗೂ ಇಲ್ಲ. ಸಂಜೆಗೆ ಹೆಸರುಕಾಳಿನ ಉಸಲಿ. ಊಟಕ್ಕೆ ಮೊದಲು ಕೋಸಂಬರಿ. ನೆಂಟರ ಮುಂದೆ ಅವನ ತೂಕದ ಮಾತಿಲ್ಲ. ಬೆಳೆಯೋ ಮಗು ನೋಡಿ, ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೂ ಎಷ್ಟೋ ಸಲ ಸಾಕಾಗುತ್ತೆ.

ಆದರೆ 5 ವರ್ಷಕ್ಕೆ ಮುಂಚೆಯೇ ತೂಕ ವಿಪರೀತ ಏರಿದ್ದರೆ, ಎಷ್ಟು ತಿಂದರೂ ಹಸಿವು ತಣಿಯದೆ ಕದ್ದು ತಿನ್ನುತ್ತಿದ್ದರೆ, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ, ಮಾತು ಕಲಿಕೆ ತಡವಾಗಿದ್ದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಲೇಬೇಕು. ಹಸುಗೂಸಾಗಿದ್ದಾಗ ಮೈಯೆಲ್ಲ ಸಡಿಲ, ಹಾಲು ಚೀಪೋಕೂ ಶಕ್ತಿಯಿಲ್ಲ, ಆಮೇಲೆ ತಡೆಯಲಾಗದ ಹಸಿವು ಅಂದರೆ ಪ್ರೇಡರ್-ವಿಲ್ಲಿ ಅನ್ನೋ ಹುಟ್ಟಿನಿಂದಲೇ ಬರುವ ಅಪರೂಪದ ಜೀನ್ ತೊಂದರೆ ಇರಬಹುದು, ಅದನ್ನು ರಕ್ತಪರೀಕ್ಷೆಯಲ್ಲಿ ಪತ್ತೆಮಾಡಬಹುದು. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಮೊದಲ ವರ್ಷಗಳ ತೂಕ ಬರೆದಿರೋದು ಅದರಲ್ಲೇ.